ಹಿಂಸಾಪರಾಧಿಗಳೂ ಮನೋವಿಶ್ಲೇಷಣೆಯೂ

ಸ್ವಾತಂತ್ರ್ಯೋತ್ಸವ ಗಣರಾಜ್ಯೋತ್ಸವಗಳ ಸಂದರ್ಭಗಳಲ್ಲಿ ನಮ್ಮ ರಾಜ್ಯದ ಸೆರೆಮನೆಗಳಲ್ಲಿರುವ ಜೀವಾವಧಿ ಕೈದಿಗಳ ಪೈಕಿ ಕೆಲವರನ್ನು ಸನ್ನಡತೆಯ ಆಧಾರದ ಮೇಲೆ ಅವಧಿಗೆ ಮುನ್ನ ಬಿಡುಗಡೆ ಮಾಡುವ ಪದ್ಧತಿಯುಂಟು. ಸೆರೆಮನೆಯ ಹೆಬ್ಬಾಗಿಲಿನಲ್ಲಿ ನಿಂತು ಬಂಧುಗಳನ್ನು ತಬ್ಬಿಕೊಂಡು ಅಳುವ ಇವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಹದಿನಾಲ್ಕು ಹದಿನೈದು ವರ್ಷ ಗೋಡೆಯೊಳಗೆ ಕಳೆದ ಮನುಷ್ಯನು ಮರಳಿ ಮನೆ ಸೇರುವುದನ್ನು ಕಂಡು ಸಂತೋಷಪಡದಿರುವಷ್ಟು ಕಠಿಣಹೃದಯರು ನಾವಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದು ಕರ್ತವ್ಯಲೋಪವಾದೀತು. ಸನ್ನಡತೆಯೆಂದರೇನು? ಕೈದಿಯು ಒಳಗೆ ಜಗಳವಾಡಲಿಲ್ಲ. ಕೊಟ್ಟ ಕೆಲಸವನ್ನು ಮಾಡಿದನು. ಪೆರೋಲಿನ ಮೇಲೆ ಊರಿಗೆ ಹೋಗಿ ಹೇಳಿದ ದಿನಕ್ಕೆ ಹಿಂದಿರುಗಿದನು. ಇಷ್ಟನ್ನು ದಫ್ತರವು ಹೇಳಬಲ್ಲುದು. ಹದಿನಾಲ್ಕು ವರ್ಷಗಳ ಹಿಂದೆ ಒಂದು ರಾತ್ರಿ ಆತನ ಕೈಯಲ್ಲಿ ಮಚ್ಚನ್ನು ಹಿಡಿಸಿದುದು ಯಾವುದು, ಅದು ಈಗ ಎಲ್ಲಿ ಅಡಗಿದೆ, ಕರಗಿತೋ ಇಲ್ಲವೋ ಎಂಬುದು ಯಾವ ದಫ್ತರದಲ್ಲಿಯೂ ಬರೆದಿಲ್ಲ.

ಈ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳಿಂದ ಬಿಡದೆ ಕೇಳುತ್ತ ಬಂದವರು ಮನೋವಿಶ್ಲೇಷಣ ಶಾಸ್ತ್ರಜ್ಞರು. ಅದರಲ್ಲಿಯೂ ಇಂಗ್ಲೆಂಡಿನಲ್ಲಿ ಅವರು ಬರಿಯ ಪುಸ್ತಕಗಳನ್ನು ಬರೆದು ಸುಮ್ಮನಾಗದೆ, ಚಿಕಿತ್ಸಾಲಯವನ್ನು ತೆರೆದು, ಸೆರೆಮನೆಗಳೊಳಕ್ಕೆ ಹೋಗಿ, ಕೊಲೆ ಮಾಡಿದವರ ಎದುರಿಗೆ ವರ್ಷಗಟ್ಟಲೆ ಕುಳಿತು ಕೆಲಸ ಮಾಡಿದ್ದಾರೆ. ಶಾಸ್ತ್ರದ ಹೆಸರನ್ನು ಕೇಳಿದೊಡನೆಯೇ ವಾಚಕರಲ್ಲಿ ಕೆಲವರು ಮುಗುಳ್ನಗುವರೆಂದು ನಾವು ಬಲ್ಲೆವು. ಮೆತ್ತನೆಯ ಮಂಚ, ಕನಸುಗಳ ಅರ್ಥ, ಎಲ್ಲಕ್ಕೂ ತಾಯಿತಂದೆಗಳ ಮೇಲೆ ದೂರು. ಇವಿಷ್ಟೇ ಈ ವಿದ್ಯೆಯೆಂದು ಅನೇಕರ ಭಾವನೆ. ಆದರೆ ಇದು ನಮ್ಮ ದೇಶಕ್ಕಾಗಲಿ ನಮ್ಮ ಭಾಷೆಗಾಗಲಿ ತೀರ ಹೊಸದಲ್ಲ. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿ, ಫ್ರಾಯ್ಡರೊಡನೆ ಸಮಸಮನಾಗಿ ಪತ್ರವ್ಯವಹಾರದಲ್ಲಿ ವಾದ ಮಾಡಿದರು. ಮನೋವ್ಯಾಪಾರಗಳನ್ನು ಕುರಿತ ಡಾಕ್ಟರ್ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತುದನ್ನು ಹಿರಿಯರು ಮರೆತಿರಲಾರರು. ನಮಗೆ ಹೊಸದಾಗಿರುವುದು ಈ ವಿದ್ಯೆಯಲ್ಲ. ಇದು ಕೈಗೆ ಬೇಡಿ ಬಿದ್ದವನ ಬಳಿಗೂ ಹೋಗಬಹುದೆಂಬ ವಿಚಾರ.

ಫ್ರಾಯ್ಡರು 1916ರಲ್ಲಿ ಬರೆದ ಒಂದು ಕಿರುಪ್ರಬಂಧದಲ್ಲಿ ಮೊದಲ ನೋಟಕ್ಕೆ ವಿಪರೀತವೆಂದು ತೋರುವ ಒಂದು ಮಾತಿದೆ. ಅಪರಾಧ ಮಾಡಿದ ಮೇಲೆ ತಪ್ಪಿತಸ್ಥಭಾವ ಹುಟ್ಟುವುದೆಂದು ಲೋಕವು ನಂಬಿದೆಯಷ್ಟೆ. ಕೆಲವರಲ್ಲಿ ತಪ್ಪಿತಸ್ಥಭಾವವೇ ಮೊದಲು, ಅಪರಾಧವು ಅನಂತರ, ಎಂದು ಅವರು ಹೇಳಿದರು. ಕಾರಣವೇನೆಂದು ತನಗೇ ತಿಳಿಯದ ಭಾರವೊಂದು ಬಹುಕಾಲದಿಂದ ಎದೆಯ ಮೇಲೆ ಕುಳಿತಿರುವಾಗ, ಕಣ್ಣಿಗೆ ಕಾಣುವ ಒಂದು ತಪ್ಪನ್ನು ಮಾಡಿ ಶಿಕ್ಷೆಯನ್ನು ಬರಮಾಡಿಕೊಂಡರೆ ಅಂಥವನಿಗೆ ಒಂದು ಬಗೆಯ ಬಿಡುಗಡೆ. ಎಲ್ಲ ಅಪರಾಧಿಗಳಿಗೂ ಇದು ಸಲ್ಲದೆಂದು ಫ್ರಾಯ್ಡರೇ ಎಚ್ಚರಿಸಿದ್ದಾರೆ. ಆದರೆ ಕೆಲವರಿಗಾದರೂ ಸಲ್ಲುವುದಾದರೆ, ಶಿಕ್ಷೆ ಹೆಚ್ಚಿದಷ್ಟೂ ಅಪರಾಧ ಕಡಿಮೆಯಾಗುವುದೆಂಬ ನಮ್ಮ ಶಾಸನಕರ್ತರ ಸರಳ ಗಣಿತವು ಅಲ್ಲಿ ತಪ್ಪಿತು. ಅನಂತರದ ಸಂಶೋಧನೆಗಳು ಬಾಲ್ಯದ ಕಡೆಗೆ ತಿರುಗಿದವು. ಜಾನ್ ಬೌಲ್ಬಿ ಎಂಬ ವೈದ್ಯರು 1944ರಲ್ಲಿ ನಲವತ್ತನಾಲ್ಕು ಬಾಲಕಳ್ಳರ ಚರಿತ್ರೆಯನ್ನು ಪ್ರಕಟಿಸಿದರು. ಅವರಲ್ಲಿ ಯಾರ ಮೇಲೂ ಮಮತೆಯಿಲ್ಲದವರೆಂದು ತೋರಿದ 14 ಮಕ್ಕಳ ಪೈಕಿ 12 ಮಂದಿ ಎಳವೆಯಲ್ಲಿಯೇ ತಾಯಿಯಿಂದ ದೀರ್ಘಕಾಲ ಅಗಲಿದ್ದವರು. ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಿಂದ ಸ್ಥಳಾಂತರಿಸಿದ ಪುಂಡ ಮಕ್ಕಳನ್ನು ನೋಡಿಕೊಂಡ ಡೊನಾಲ್ಡ್ ವಿನಿಕಾಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕದಿಯುವ ಹುಡುಗನೂ ಒಡೆದುಹಾಕುವ ಹುಡುಗನೂ ತಾವು ಕಳೆದುಕೊಂಡ ಏನನ್ನೋ ಲೋಕದಿಂದ ಕೇಳುತ್ತಿದ್ದಾರೆ, ಕೇಳುವಷ್ಟು ಆಸೆ ಅವರಲ್ಲಿ ಇನ್ನೂ ಉಳಿದಿದೆ ಎಂದರು.

ಬಾಲಕರ ಮಾತು ಹಾಗಿರಲಿ, ಬೆಳೆದ ಘಾತುಕರ ಗತಿಯೇನು? ಮೊದಲನೆಯ ಮಹಾಯುದ್ಧದಲ್ಲಿ ಶಸ್ತ್ರವೈದ್ಯೆಯಾಗಿದ್ದ ಗ್ರೇಸ್ ಪೈಲ್‌ಥಾರ್ಪ್ ಎಂಬಾಕೆಯು ಸೆರೆಮನೆಗಳಲ್ಲಿದ್ದ ಸ್ತ್ರೀಯರನ್ನು ವರ್ಷಗಳ ಕಾಲ ಪರೀಕ್ಷಿಸಿ ಬರೆದ ವರದಿಯು 1932ರಲ್ಲಿ ಅಚ್ಚಾಯಿತು. ಆಕೆಯ ಹಾಗೂ ಎಡ್ವರ್ಡ್ ಗ್ಲೋವರ್ ಮೊದಲಾದವರ ಪ್ರಯತ್ನದಿಂದ 1931ರಲ್ಲಿ ಲಂಡನ್ನಿನಲ್ಲಿ ಅಪರಾಧಿಗಳ ವೈಜ್ಞಾನಿಕ ಚಿಕಿತ್ಸೆಗಾಗಿ ಒಂದು ಸಂಘವೂ, 1933ರಲ್ಲಿ ಅದರ ಚಿಕಿತ್ಸಾಲಯವೂ ಹುಟ್ಟಿದವು. ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಲೊಲ್ಲದ ಫ್ರಾಯ್ಡ್, ಯೂಂಗ್, ಆಡ್ಲರ್ ಮೂವರೂ ಈ ಸಂಘದ ಉಪಾಧ್ಯಕ್ಷರ ಪಟ್ಟಿಯಲ್ಲಿ ಹೆಸರು ಕೊಟ್ಟಿದ್ದರೆಂಬುದು ಅದರ ಉದ್ದೇಶದ ಗೌರವಕ್ಕೆ ಸಾಕ್ಷಿ. ಆ ಚಿಕಿತ್ಸಾಲಯವು 1948ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಸೇರಿ ಪೋರ್ಟ್‌ಮನ್ ಕ್ಲಿನಿಕ್ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ.

ಅಲ್ಲಿ ಬಹುಕಾಲ ಕೆಲಸ ಮಾಡಿದ ಮರ್ವಿನ್ ಗ್ಲಾಸರರು ಹಿಂಸೆಯಲ್ಲಿ ಎರಡು ಜಾತಿಗಳನ್ನು ಗುರುತಿಸಿದರು. ಈ ಭೇದವು ನಮ್ಮ ನ್ಯಾಯಾಧೀಶರಿಗೂ ಪೊಲೀಸ್ ಅಧಿಕಾರಿಗಳಿಗೂ ಉಪಯುಕ್ತವೆಂದು ನಮ್ಮ ಅಭಿಪ್ರಾಯ. ಮೊದಲನೆಯದು ಆತ್ಮರಕ್ಷಣೆಯ ಹಿಂಸೆ. ಹಾವನ್ನು ಕಂಡವನು ಹೊಡೆಯುವಂತೆ, ಎದುರಿಗಿರುವ ಅಪಾಯವು ಇಲ್ಲವಾಗಬೇಕು, ಅಷ್ಟೆ; ಹಾವಿನ ನೋವು ಹೊಡೆಯುವವನ ಲೆಕ್ಕಕ್ಕಿಲ್ಲ. ಎರಡನೆಯದರಲ್ಲಿ ಎದುರಾಳಿಯ ನೋವೇ ಮುಖ್ಯ. ಅವನು ನರಳುವುದನ್ನು ನೋಡಬೇಕು, ಬೇಗ ಸಾಯಬಾರದು. ಮೊದಲನೆಯ ಬಗೆಯಲ್ಲಿ ಅಪಾಯವು ದೇಹಕ್ಕೇ ಬರಬೇಕೆಂದಿಲ್ಲ. ಒಂದು ಮಾತು, ಒಂದು ನಗೆ, ಬೆನ್ನು ತಿರುಗಿಸಿ ಹೊರಟ ಒಂದು ಹೆಜ್ಜೆ, ಇವೂ ಕೆಲವರಿಗೆ ಪ್ರಾಣಾಪಾಯವಾಗಿ ತೋರುತ್ತವೆ.

ಹೆಂಡತಿಯನ್ನು ಕೊಂದ ಗಂಡನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಾರದ ವಾರವಿಲ್ಲ. 'ಶೀಲ ಶಂಕಿಸಿ' ಎಂಬ ಎರಡು ಪದಗಳಲ್ಲಿ ನಾವು ಪತ್ರಿಕೆಯವರು ಅದರ ಕಾರಣವನ್ನು ಮುಗಿಸಿಬಿಡುತ್ತೇವೆ. ಆದರೆ ಗಮನಿಸಿದವರಿಗೆ ಒಂದು ಸಂಗತಿ ಕಾಣುತ್ತದೆ: ಇಂಥ ಕೊಲೆಗಳಲ್ಲಿ ಎಷ್ಟೋ ನಡೆಯುವುದು ಆಕೆಯು ತವರಿಗೆ ಹೊರಟುನಿಂತಾಗ, ಅಥವಾ ಬಿಟ್ಟುಹೋದ ಮೇಲೆ. ಗ್ಲಾಸರರು ಇದರ ಮೂಲದಲ್ಲಿರುವ ತೊಡಕನ್ನು ಹೀಗೆ ವಿವರಿಸಿದ್ದಾರೆ. ಮತ್ತೊಬ್ಬರೊಡನೆ ಒಂದಾಗಿ ಬೆರೆಯಬೇಕೆಂಬ ತೀವ್ರವಾದ ಹಂಬಲವು ಮನುಷ್ಯನಲ್ಲಿದೆ; ಕೆಲವರಲ್ಲಿ ಆ ಹಂಬಲವು ನೆರವೇರುವಷ್ಟರಲ್ಲಿಯೇ ತಾನು ನುಂಗಿಹೋಗುವೆನೆಂಬ ಭಯವು ಹುಟ್ಟುತ್ತದೆ. ಭಯದಿಂದ ದೂರ ಸರಿದರೆ ಅನಾಥನಾದೆನೆಂಬ ಸಂಕಟ. ಹತ್ತಿರವಿರಲಾರ, ದೂರವಿರಲೂ ಆರ. ಈ ಎರಡು ಭಯಗಳ ನಡುವೆ ಸಿಕ್ಕವನಿಗೆ ಹೆಂಡತಿಯ ಮೇಲೆ ಹಿಡಿತವಿಟ್ಟುಕೊಳ್ಳುವುದೊಂದೇ ಉಳಿದ ದಾರಿ. ಆ ಹಿಡಿತವು ಜಾರಿದ ಗಳಿಗೆಯೇ ಅಪಾಯದ ಗಳಿಗೆ. ಇದನ್ನು ತಿಳಿದ ಪೊಲೀಸ್ ಅಧಿಕಾರಿಯು, ದೂರು ಕೊಡಲು ಬಂದ ಹೆಂಗಸಿಗೆ 'ಹೊಂದಿಕೊಂಡು ಹೋಗಮ್ಮ' ಎಂದು ಬುದ್ಧಿ ಹೇಳಿ ಕಳುಹಿಸಲಾರನು. ಆಕೆ ಮನೆ ಬಿಡುವ ದಿನವೇ ಆಕೆಗೆ ಕಾವಲು ಬೇಕಾದ ದಿನವೆಂದು ಅವನಿಗೆ ತಿಳಿದಿರುತ್ತದೆ. ಮನೋವಿಶ್ಲೇಷಣೆಯು ಕೇವಲ ಕೈದಿಯ ಉಪಯೋಗಕ್ಕಾಗಿ ಇರುವ ವಿದ್ಯೆಯೆಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸೆರೆಮನೆಗಳಲ್ಲಿ ಬಹುವರ್ಷ ಮನೋವೈದ್ಯರಾಗಿದ್ದ ಜೇಮ್ಸ್ ಗಿಲಿಗನ್ನರು 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಿಂಸೆಯ ಬೇರು ಅವಮಾನದಲ್ಲಿದೆಯೆಂದು ವಾದಿಸಿದ್ದಾರೆ. ಏಕೆ ಹೊಡೆದೆ, ಏಕೆ ಕೊಂದೆ ಎಂದು ಕೇಳಿದಾಗಲೆಲ್ಲ ಅವರಿಗೆ ಬಂದ ಉತ್ತರ ಹೆಚ್ಚುಕಡಮೆ ಒಂದೇ: ಅವನು ನನ್ನನ್ನು ಹಗುರ ಮಾಡಿದನು. ಈ ಸಂಗತಿಯನ್ನು ಅಮೆರಿಕದವರಿಂದ ಕಲಿಯಬೇಕಾಗಿಲ್ಲವೆಂದು ವಾಚಕರು ಹೇಳಬಹುದು. ಮಯಸಭೆಯಲ್ಲಿ ನೀರನ್ನು ನೆಲವೆಂದು ಭ್ರಮಿಸಿ ಬಿದ್ದವನ ಕಿವಿಗೆ ಕೇಳಿದ ಆ ನಗೆಯು ಹದಿನೆಂಟು ಅಕ್ಷೋಹಿಣಿಗಳನ್ನು ನುಂಗಿತೆಂಬುದು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ಆದರೆ ಗೊತ್ತಿದ್ದೂ ನಾವು ಕಟ್ಟಿರುವ ಸೆರೆಮನೆಗಳು ಎಂಥವು? ಅವಮಾನದಿಂದ ಕೆರಳಿ ಕೊಂದವನನ್ನು ಒಳಗೆ ತಂದು, ಬೆಳಗಿನಿಂದ ಸಂಜೆಯವರೆಗೆ ಏಕವಚನದಿಂದ ಕರೆದು, ಎಲ್ಲರೆದುರಿಗೆ ಬತ್ತಲೆ ಮಾಡಿ ತಪಾಸಣೆ ನಡೆಸಿ, ಅವಮಾನವನ್ನೇ ಅನ್ನದಂತೆ ಉಣಿಸುವ ಸ್ಥಳವನ್ನು ತಿದ್ದುವ ಸ್ಥಳವೆಂದು ಕರೆಯುವುದು ಭಾಷೆಗೆ ಮಾಡಿದ ಅಪಚಾರ.

ಪ್ರಾರಂಭದಲ್ಲಿ ನಾವೆತ್ತಿದ ಸನ್ನಡತೆಯ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಟ್ಟವರು ಆರ್ಥರ್ ಹಯಟ್ ವಿಲಿಯಮ್ಸರು. ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯಲ್ಲಿ ಅವರು ಅನೇಕ ವರ್ಷ ಕೊಲೆಗಾರರಿಗೆ ಚಿಕಿತ್ಸೆ ನಡೆಸಿದರು. 1998ರಲ್ಲಿ ಆ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕೊಲೆಯು ಕೈಯಿಂದ ನಡೆಯುವ ಮುಂಚೆ ಕನಸಿನಲ್ಲಿ, ಹಗಲುಗನಸಿನಲ್ಲಿ, ಎಷ್ಟೋ ಸಾರಿ ನಡೆದುಹೋಗಿರುತ್ತದೆಯೆಂಬುದೂ, ಆ ಮಾರಕವಾದ ಭಾಗವು ಮಿಕ್ಕ ಮನಸ್ಸಿನಿಂದ ಬೇರ್ಪಟ್ಟು ಗಂಟಿನಂತೆ ಒಳಗೆ ಕುಳಿತಿರುತ್ತದೆಯೆಂಬುದೂ ಅವರ ಸಿದ್ಧಾಂತ. ಹೊರಗೆ ಆ ಮನುಷ್ಯನು ವಿನೀತನಾಗಿರಬಹುದು, ಕೆಲಸಗಾರನಾಗಿರಬಹುದು, ಕೈದಿಗಳಿಗೆಲ್ಲ ಮಾದರಿಯಾಗಿರಬಹುದು. ಬೂದಿ ಮುಚ್ಚಿದ ಕೆಂಡವೆಂದು ನಮ್ಮವರು ಹೇಳುವುದು ಇದನ್ನೇ. ಸತ್ತವನಿಗಾಗಿ ಕೊಂದವನು ನಿಜವಾಗಿ ದುಃಖಿಸುವ ಶಕ್ತಿಯನ್ನು ಪಡೆಯುವವರೆಗೆ ಈ ಗಂಟು ಕರಗದೆಂದು ವಿಲಿಯಮ್ಸರು ಹೇಳಿದರು. ಪಶ್ಚಾತ್ತಾಪದ ಅರ್ಜಿಯನ್ನು ಬರೆಯಿಸಿಕೊಳ್ಳುವುದು ಸುಲಭ. ಆ ದುಃಖವು ಬರಲು ವರ್ಷಗಳು ಬೇಕು, ಬಂದಾಗ ಆ ಮನುಷ್ಯನು ಆತ್ಮಹತ್ಯೆಯ ಅಂಚಿಗೂ ಹೋಗಬಹುದು, ಆದಕಾರಣ ಜೊತೆಗೆ ಬಲ್ಲವರು ಇರಬೇಕು. ನಮ್ಮ ಸೆರೆಮನೆಗಳ ಉಪನ್ಯಾಸಗಳಲ್ಲಿ ಬೇಡನು ವಾಲ್ಮೀಕಿಯಾದ ಕಥೆಯನ್ನು ಹೇಳದವರಿಲ್ಲ. ಆದರೆ ಬೇಡನಾಗಿದ್ದುದಕ್ಕೂ ಋಷಿಯಾದುದಕ್ಕೂ ನಡುವೆ ಹುತ್ತದೊಳಗಿನ ಕಾಲವೊಂದಿತ್ತೆಂಬುದನ್ನು ಉಪನ್ಯಾಸಕರು ಬೇಗನೆ ದಾಟಿಬಿಡುತ್ತಾರೆ.

ಹುತ್ತವನ್ನು ಸರ್ಕಾರವೇ ಕಟ್ಟಿಕೊಟ್ಟ ಉದಾಹರಣೆಯೊಂದಿದೆ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನಲ್ಲಿ 1962ರಲ್ಲಿ ತೆರೆದ ಗ್ರೆಂಡನ್ ಸೆರೆಮನೆಯು ಎತ್ತರವಾದ ಗೋಡೆಯುಳ್ಳ ಸೆರೆಮನೆಯೇ. ಒಳಗಿರುವವರಲ್ಲಿ ಬಹುಮಂದಿ ಕೊಲೆ, ದರೋಡೆ, ಬಲಾತ್ಕಾರಗಳಿಗಾಗಿ ದೀರ್ಘಶಿಕ್ಷೆ ಹೊಂದಿದವರು. ಆದರೆ ಅಲ್ಲಿಗೆ ಬರುವವನು ತಾನಾಗಿ ಕೇಳಿಕೊಂಡು ಬರಬೇಕು. ಸಾಕೆನಿಸಿದರೆ ಸಾಮಾನ್ಯ ಸೆರೆಮನೆಗೆ ಹಿಂದಿರುಗಬಹುದು. ಸುಮಾರು ನಲವತ್ತು ಮಂದಿಯ ಒಂದೊಂದು ವಿಭಾಗವೂ ತನ್ನದೇ ಆದ ಸಮಾಜ. ಕೈದಿಗಳಲ್ಲೊಬ್ಬನು ಚುನಾಯಿತನಾಗಿ ಅದರ ಅಧ್ಯಕ್ಷನಾಗುತ್ತಾನೆ. ಕೈ ಎತ್ತಿದವನು, ಮಾದಕದ್ರವ್ಯ ಸೇವಿಸಿದವನು ಅಲ್ಲಿರಬೇಕೋ ಬೇಡವೋ ಎಂಬುದನ್ನು ಸಭೆಯು ಚರ್ಚಿಸಿ ಮತ ಹಾಕುತ್ತದೆ. ಏಕಾಂತವಾಸದ ಕೊಠಡಿಗಳಿಲ್ಲ. ವಾರಕ್ಕೆ ಮೂರು ಸಾರಿ ಸಣ್ಣ ಗುಂಪುಗಳಲ್ಲಿ, ಎರಡು ಸಾರಿ ಇಡೀ ವಿಭಾಗವಾಗಿ ಕುಳಿತು ಮಾತಾಡುತ್ತಾರೆ. ಸಮವಸ್ತ್ರದ ಕಾವಲುಗಾರರೂ ಅದೇ ವೃತ್ತದಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ತಾನು ಮಾಡಿದುದನ್ನು ಪ್ರತಿಯೊಬ್ಬನೂ ಗುಂಪಿನೆದುರಿಗೆ ಹೇಳಬೇಕು. ಹೇಳುವಾಗ ಎಲ್ಲಿ ಜಾರಿಕೊಂಡನೆಂಬುದನ್ನು ವೈದ್ಯರಿಗಿಂತ ಮೊದಲು ಉಳಿದ ಕೈದಿಗಳು ಹಿಡಿಯುತ್ತಾರೆ. ಹಾವಿನ ಹೆಜ್ಜೆಯನ್ನು ಹಾವೇ ಬಲ್ಲುದಷ್ಟೆ.

ನಮ್ಮ ನ್ಯಾಯಾಲಯಗಳ ಅಂಗಳದಲ್ಲಿ ನಿಂತವರಿಗೆ ಒಂದು ಮಾತು ಪರಿಚಿತವಾಗಿದೆ: 'ಏನೋ ಆಗಿಹೋಯಿತು ಸ್ವಾಮಿ.' ಕೊಲೆಯು ಮಳೆಯಂತೆ ಆಯಿತು, ಗ್ರಹಚಾರದಿಂದ ಆಯಿತು, ಕುಡಿತದಿಂದ ಆಯಿತು. ಮಾಡಿದವನು ಮಾತ್ರ ವಾಕ್ಯದಲ್ಲಿ ಇಲ್ಲ. ಕರ್ತೃವಿಲ್ಲದ ಈ ಕ್ರಿಯಾಪದದಿಂದ 'ನಾನು ಮಾಡಿದೆನು' ಎಂಬ ವಾಕ್ಯಕ್ಕೆ ಬರುವ ದಾರಿಯೇ ಗ್ರೆಂಡನ್ನಿನಲ್ಲಿ ನಡೆಯುವ ಚಿಕಿತ್ಸೆ. ಬ್ರಾಡ್ಮೂರ್ ಆಸ್ಪತ್ರೆಯಲ್ಲಿ ಘೋರಾಪರಾಧಿಗಳೊಡನೆ ದೀರ್ಘಕಾಲ ಕೆಲಸ ಮಾಡಿದ ಡಾಕ್ಟರ್ ಗ್ವೆನ್ ಆಡ್ಸ್‌ಹೆಡ್ 2021ರ ತಮ್ಮ ಪುಸ್ತಕದಲ್ಲಿ ಹಿಂಸೆಯನ್ನು ಅಂಕಿಗಳ ಬೀಗಕ್ಕೆ ಹೋಲಿಸಿದ್ದಾರೆ. ಬಡತನ, ಬಾಲ್ಯದ ಪೆಟ್ಟು, ಮದ್ಯ ಮೊದಲಾದ ಅಂಕಿಗಳು ಒಂದೊಂದಾಗಿ ಸಾಲಿಗೆ ಬರುತ್ತವೆ. ಬೀಗವನ್ನು ತೆರೆಯುವ ಕೊನೆಯ ಅಂಕಿಯು ಆ ಒಬ್ಬ ಮನುಷ್ಯನಿಗೇ ವಿಶಿಷ್ಟವಾದುದು. ಮೊದಲ ಅಂಕಿಗಳು ಎಷ್ಟೋ ಲಕ್ಷ ಜನರಲ್ಲಿವೆ, ಅವರು ಕೊಲ್ಲುವುದಿಲ್ಲ. ಆ ಕೊನೆಯ ಅಂಕಿ ಯಾವುದೆಂಬುದನ್ನು ತಿಳಿಯದೆ ಬಿಡುಗಡೆಯಾದವನು ತನಗೂ ಅಪಾಯಕಾರಿ, ನೆರೆಯವರಿಗೂ ಅಪಾಯಕಾರಿ.

ಕಾರಣವನ್ನು ತಿಳಿಯುವುದೆಂದರೆ ಕ್ಷಮಿಸಿದಂತಲ್ಲವೆ ಎಂದು ಕೇಳುವವರಿದ್ದಾರೆ. ಸತ್ತವನ ತಾಯಿಗೆ ಯಾವ ಚಿಕಿತ್ಸೆ, ವಿಧವೆಗೆ ಯಾವ ಗುಂಪುಸಭೆ ಎಂಬ ಪ್ರಶ್ನೆಯು ಅದಕ್ಕಿಂತ ತೀಕ್ಷ್ಣವಾದುದು. ಅದನ್ನು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ. ಆಕೆಗೆ ಸಲ್ಲಬೇಕಾದ ಪರಿಹಾರವನ್ನು ಕೊಡುವುದರಲ್ಲಿ ನಮ್ಮ ಸರ್ಕಾರಗಳು ತೋರುವ ಔದಾಸೀನ್ಯವನ್ನು ಈ ಅಂಕಣಗಳು ಖಂಡಿಸದೆ ಬಿಡಲಾರವು. ಆದರೆ ಗ್ರೆಂಡನ್ನಿನಲ್ಲಿ ಚಿಕಿತ್ಸೆಗೆ ಕುಳಿತ ಮಾತ್ರಕ್ಕೆ ನ್ಯಾಯಾಲಯವು ವಿಧಿಸಿದ ಶಿಕ್ಷೆಯಲ್ಲಿ ಒಂದು ದಿನವೂ ಕಡಿತವಾಗುವುದಿಲ್ಲ. ಸತ್ತವನ ತಾಯಿಯು ಕೇಳುವುದಾದರೂ ಏನನ್ನು? ಏಕೆ ಕೊಂದನೆಂಬುದನ್ನು, ಕೊಂದವನ ಬಾಯಿಂದಲೇ. ಹದಿನಾಲ್ಕು ವರ್ಷ ಚಾಪೆ ಹೆಣೆದವನಿಂದ ಆಕೆಗೆ ಆ ಉತ್ತರವು ಸಿಕ್ಕುವುದಿಲ್ಲ.

ಫಲಿತಾಂಶದ ವಿಷಯದಲ್ಲಿ ಅತಿಶಯೋಕ್ತಿ ಬೇಡ. ಇಂಗ್ಲೆಂಡಿನ ಗೃಹಖಾತೆಯು 1997ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಗ್ರೆಂಡನ್ನಿನಲ್ಲಿ 18 ತಿಂಗಳಿಗೆ ಕಡಮೆಯಿಲ್ಲದೆ ಉಳಿದವರಲ್ಲಿ ಮರಳಿ ಶಿಕ್ಷೆಗೊಳಗಾದವರ ಪ್ರಮಾಣವು ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲಿನಷ್ಟು ತಗ್ಗಿತು. ಬೇಗ ಬಿಟ್ಟುಹೋದವರಿಗೆ ಅಂಥ ಪ್ರಯೋಜನವಾಗಲಿಲ್ಲ. ತಾವಾಗಿ ಬಂದು ಕೊನೆಯವರೆಗೆ ಉಳಿದವರು ಮೊದಲೇ ತಿದ್ದಿಕೊಳ್ಳುವ ಮನಸ್ಸುಳ್ಳವರಾಗಿರಬಹುದೆಂಬ ಆಕ್ಷೇಪಣೆಯು ನ್ಯಾಯವಾದುದೇ. 2010ರಲ್ಲಿ ಅದೇ ಸೆರೆಮನೆಯೊಳಗೆ ಒಬ್ಬ ಕೈದಿಯು ಮತ್ತೊಬ್ಬನನ್ನು ಕೊಂದನೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಇತ್ತೀಚೆಗೆ, 2025ರಲ್ಲಿ ಪ್ರಕಟವಾದ ಪ್ರಯೋಗವೊಂದು ಹೆಚ್ಚು ಭರವಸೆ ಕೊಡುತ್ತದೆ. ಪೀಟರ್ ಫೋನಗಿ ಮೊದಲಾದ ಮನೋವಿಶ್ಲೇಷಕರು, ತನ್ನ ಮನಸ್ಸಿನಲ್ಲಿಯೂ ಎದುರಿಗಿರುವವನ ಮನಸ್ಸಿನಲ್ಲಿಯೂ ನಡೆಯುವುದನ್ನು ಊಹಿಸುವ ಶಕ್ತಿಯನ್ನು ಬೆಳೆಸುವ ಚಿಕಿತ್ಸೆಯನ್ನು ರೂಪಿಸಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆಯ ಹೊರಗೆ ಅಧಿಕಾರಿಗಳ ನಿಗಾದಲ್ಲಿದ್ದ ಮುನ್ನೂರಕ್ಕೂ ಮಿಕ್ಕ ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಪರೀಕ್ಷಿಸಿದಾಗ, ಒಂದು ವರ್ಷದ ಕೊನೆಯಲ್ಲಿ ಈ ಚಿಕಿತ್ಸೆ ಪಡೆದವರ ಆಕ್ರಮಣಪ್ರವೃತ್ತಿಯು ಉಳಿದವರದಕ್ಕಿಂತ ಕಡಮೆಯಾಗಿತ್ತು.

ಇನ್ನು ಈ ದಾರಿಯ ಹಳ್ಳಗಳನ್ನೂ ತೋರಿಸಬೇಕು. ಕೆನಡಾದ ಒಂಟೇರಿಯೊ ಪ್ರಾಂತದ ಓಕ್ ರಿಜ್ ಎಂಬ ಆಸ್ಪತ್ರೆಯಲ್ಲಿ 1960ರ ದಶಕದ ಕೊನೆಯಿಂದ ಘಾತುಕರ ಮೇಲೆ ಒಂದು ಪ್ರಯೋಗ ನಡೆಯಿತು. ಅವರನ್ನು ಬತ್ತಲೆಯಾಗಿ ಒಂದೇ ಕೋಣೆಯಲ್ಲಿ ದಿನಗಟ್ಟಲೆ ಕೂಡಿಹಾಕಿ, ಎಲ್.ಎಸ್.ಡಿ. ಮುಂತಾದ ದ್ರವ್ಯಗಳನ್ನು ಕೊಟ್ಟು, ಒಬ್ಬರನ್ನೊಬ್ಬರು ಚಿಕಿತ್ಸೆ ಮಾಡಿಕೊಳ್ಳಲು ಬಿಟ್ಟರು. ಅಂತರಂಗವನ್ನು ಬಯಲು ಮಾಡುವ ಉತ್ಸಾಹದಲ್ಲಿ ಮನುಷ್ಯಮರ್ಯಾದೆಯನ್ನೇ ಮರೆತರು. 1992ರಲ್ಲಿ ಪ್ರಕಟವಾದ ಪರಿಶೀಲನೆಯು ಕಂಡದ್ದೇನೆಂದರೆ, ಕರುಣೆ ಪಶ್ಚಾತ್ತಾಪಗಳ ಗಂಧವೇ ಇಲ್ಲದ 'ಸೈಕೋಪಾತ್' ವರ್ಗದವರು ಈ ಚಿಕಿತ್ಸೆಯ ತರುವಾಯ ಚಿಕಿತ್ಸೆ ಪಡೆಯದ ಅದೇ ವರ್ಗದವರಿಗಿಂತ ಹೆಚ್ಚು ಹಿಂಸೆ ನಡೆಸಿದರು. ಎದುರಿಗಿನವನ ಮನಸ್ಸನ್ನು ಓದುವ ವಿದ್ಯೆಯನ್ನು ಕಲಿತು ಅದನ್ನೇ ಆಯುಧ ಮಾಡಿಕೊಂಡರೆಂದು ಊಹಿಸುವವರಿದ್ದಾರೆ. ಎಲ್ಲರಿಗೂ ಒಂದೇ ಔಷಧಿಯಲ್ಲ; ಕೆಲವರಿಗೆ ಅದು ವಿಷವಾದೀತು.

ಎರಡನೆಯ ಹಳ್ಳವು ಭಾರತೀಯರಾದ ನಮಗೆ ಹೆಚ್ಚು ಹತ್ತಿರದ್ದು. ಸಿ.ಡಿ. ಡೇಲಿ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಯು 1930ರಲ್ಲಿ ಮನೋವಿಶ್ಲೇಷಣೆಯ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಕ್ರಾಂತಿಕಾರಿ ಪ್ರವೃತ್ತಿಗಳ ಮನಶ್ಶಾಸ್ತ್ರವನ್ನು ಕುರಿತು ಲೇಖನ ಬರೆದನು. ಪರರಾಜ್ಯದ ವಿರುದ್ಧ ಎದ್ದ ಭಾರತೀಯ ತರುಣರ ಕೋಪಕ್ಕೆ ಕಾರಣವನ್ನು ಪರರಾಜ್ಯದಲ್ಲಿ ಹುಡುಕುವ ಬದಲು ಅವರ ಬಾಲ್ಯದ ಸುಪ್ತಚಿತ್ತದಲ್ಲಿ ಹುಡುಕಿದನು. ಅದೇ ವರ್ಷ ದಂಡಿಯಲ್ಲಿ ಉಪ್ಪು ಎತ್ತಿದವರಿಗೂ ಇಂಥದೇ ಒಂದು ರೋಗವನ್ನು ಹೆಸರಿಸುವುದು ಕಷ್ಟವಾಗುತ್ತಿರಲಿಲ್ಲವೆಂದು ತೋರುತ್ತದೆ! ಆಳುವವರ ಕೈಯಲ್ಲಿ ಈ ವಿದ್ಯೆಯು ಎದುರಾಳಿಯನ್ನು ರೋಗಿಯೆಂದು ಸಾರುವ ಡಂಗುರವಾಗಬಲ್ಲುದು. ಯಾರ ಹಿಂಸೆಯನ್ನು ಪರೀಕ್ಷಿಸಬೇಕು, ಯಾರದನ್ನು ಬೇಡವೆಂಬುದನ್ನು ನಿರ್ಣಯಿಸುವವರು ಯಾರೆಂದು ನಾವು ಯಾವಾಗಲೂ ಕೇಳುತ್ತಿರಬೇಕು.

ಮನಸ್ಸಿನ ಬಾಗಿಲನ್ನು ತೆರೆಯುವ ವಿದ್ಯೆಯು ನಮ್ಮ ರಾಜ್ಯಕ್ಕೆ ಬರಲೇ ಇಲ್ಲವೆಂದಲ್ಲ. ಬಂದಿತು, ಹಿತ್ತಲ ಬಾಗಿಲಿನಿಂದ ಬಂದಿತು. 1930ರ ದಶಕದಲ್ಲಿ ರೋಗಿಗಳ ಚಿಕಿತ್ಸೆಗೆಂದು ಹುಟ್ಟಿದ ನಾರ್ಕೋ ಅನಾಲಿಸಿಸ್ ಎಂಬ ಪದ್ಧತಿಯನ್ನು ಈ ಶತಮಾನದ ಮೊದಲ ದಶಕದಲ್ಲಿ ಪೊಲೀಸರ ತನಿಖೆಗೆ ಬಳಸಿದ ಪ್ರಮುಖ ಸ್ಥಳ ನಮ್ಮ ಬೆಂಗಳೂರು. ದೇಶದ ನಾನಾ ಕಡೆಗಳಿಂದ ಆರೋಪಿಗಳನ್ನು ಇಲ್ಲಿಗೆ ತಂದು, ಮಂಪರಿನ ಸೂಜಿಮದ್ದು ಕೊಟ್ಟು, ತೊದಲಿದ ಮಾತುಗಳನ್ನು ದೃಶ್ಯಮುದ್ರಣ ಮಾಡಿದರು. ಕೆಲವು ದೂರದರ್ಶನದ ವಾಹಿನಿಗಳಲ್ಲಿ ಮನೆಮನೆಗೂ ಪ್ರದರ್ಶಿತವಾದವು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲಾತ್ಕರಿಸಕೂಡದೆಂಬ 20ನೆಯ ಅನುಚ್ಛೇದದ ಬಲವು ಸೂಜಿಯ ಮೊನೆಗೂ ಅಡ್ಡಬಂದಿತು. ಕಕ್ಕಿಸುವುದು ಬೇರೆ, ಕೇಳುವುದು ಬೇರೆ. ಮೊದಲನೆಯದಕ್ಕೆ ಹಣ, ಯಂತ್ರ, ಪ್ರಯೋಗಾಲಯಗಳನ್ನು ಒದಗಿಸಿದ ಸರ್ಕಾರವು ಎರಡನೆಯದಕ್ಕೆ ಒಂದು ಕೋಣೆಯನ್ನಾದರೂ ಒದಗಿಸಿದೆಯೆ?

ಅಗತ್ಯವಿಲ್ಲವೆಂದು ಹೇಳುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಾದಕವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27.6 ಮಂದಿಗೆ ಗುರುತಿಸಬಹುದಾದ ಮನೋರೋಗವಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 103ನೆಯ ಪ್ರಕರಣವು ಪ್ರತಿಯೊಂದು ರಾಜ್ಯದಲ್ಲಿಯೂ ಒಂದು ಸೆರೆಮನೆಯಲ್ಲಾದರೂ ಮಾನಸಿಕ ಚಿಕಿತ್ಸಾ ವಿಭಾಗವಿರಬೇಕೆಂದು ವಿಧಿಸಿದೆ. ಆದರೆ ಅದು ರೋಗಿಗಳಿಗಾಗಿ. ನಾವು ಹೇಳುತ್ತಿರುವ ಕೈದಿಗಳಲ್ಲಿ ಎಷ್ಟೋ ಮಂದಿ ಹುಚ್ಚರಲ್ಲ. ಗುಳಿಗೆ ಕೊಟ್ಟು ಕಳುಹಿಸುವ ವೈದ್ಯರಿಂದ ಅವರಿಗೆ ಪ್ರಯೋಜನವಿಲ್ಲ.

ಇಲ್ಲಿ ನಮ್ಮ ದೇಶಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದವರಲ್ಲಿ ನೂರಕ್ಕೆ 75.8 ಮಂದಿ ವಿಚಾರಣಾಧೀನರು. ಅಂದರೆ ಅಪರಾಧವು ಇನ್ನೂ ಸ್ಥಾಪಿತವಾಗದವರು. ಮಾಡಿದುದನ್ನು ಬಾಯಿಬಿಟ್ಟು ಹೇಳುವುದರಿಂದಲೇ ಆರಂಭವಾಗುವ ಈ ಚಿಕಿತ್ಸೆಗೆ ಅವರನ್ನು ಕೂರಿಸುವುದು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ಯಾವ ವಕೀಲನೂ ಒಪ್ಪನು. ಆದಕಾರಣ ಶಿಕ್ಷೆಯು ಸ್ಥಿರವಾಗಿ ಮೇಲ್ಮನವಿಗಳೆಲ್ಲ ಮುಗಿದ ಜೀವಾವಧಿ ಕೈದಿಗಳಿಂದಲೇ ಪ್ರಾರಂಭಿಸಬೇಕು. ಬಿಡುಗಡೆಗೆ ಅರ್ಹರಾಗಲು ನಾಲ್ಕೈದು ವರ್ಷ ಉಳಿದಿರುವ, ತಾವಾಗಿ ಮುಂದೆ ಬಂದ ನಲವತ್ತು ಮಂದಿಯ ಒಂದು ವಿಭಾಗ ಸಾಕು. ಚಿಕಿತ್ಸೆಗೆ ಬಂದರೆ ಬೇಗ ಬಿಡುಗಡೆಯೆಂಬ ಆಸೆಯನ್ನು ತೋರಿಸಕೂಡದು. ತೋರಿಸಿದರೆ ಮರುದಿನವೇ ಇಡೀ ಸೆರೆಮನೆಯು ಪಶ್ಚಾತ್ತಾಪದ ನಾಟಕಶಾಲೆಯಾಗುವುದು. ಅಲ್ಲಿ ಆಡಿದ ಮಾತು, ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದ ಹೊರತು, ಪೊಲೀಸರ ಕಿವಿಗೆ ಹೋಗಕೂಡದು. ಓಕ್ ರಿಜ್ಜಿನ ಪಾಠವನ್ನು ನೆನೆದು, ಯಾರನ್ನು ಸೇರಿಸಿಕೊಳ್ಳಬಾರದೆಂಬುದನ್ನು ಬಲ್ಲ ವೈದ್ಯರು ಮೊದಲೇ ನಿರ್ಣಯಿಸಬೇಕು. ಫಲವನ್ನು ಅಳೆಯುವ ಕೆಲಸವು ಸೆರೆಮನೆ ಇಲಾಖೆಗೆ ಸೇರದ ಹೊರಗಿನವರದಾಗಿರಬೇಕು.

ಮನೋವಿಶ್ಲೇಷಕರು ನಮ್ಮಲ್ಲಿ ಎಲ್ಲಿದ್ದಾರೆ ಎಂದು ಅಧಿಕಾರಿಗಳು ಕೇಳಬಹುದು. ಬಹಳ ಮಂದಿ ಇಲ್ಲವೆಂಬುದು ನಿಜ. ಆದರೆ ಗ್ರೆಂಡನ್ನಿನ ವೃತ್ತದಲ್ಲಿ ಕೂರುವವರಲ್ಲಿ ಹೆಚ್ಚಿನವರು ವಿಶ್ಲೇಷಕರಲ್ಲ, ಬಲ್ಲವರ ಕೈಕೆಳಗೆ ತರಬೇತಾದ ವಾರ್ಡರುಗಳು. ಹಗಲಿರುಳು ಕೈದಿಯ ಮುಖವನ್ನು ನೋಡುವವನು ನಮ್ಮಲ್ಲಿಯೂ ವಾರ್ಡರನೇ. ಅವನಿಗೆ ಲಾಠಿ ಹಿಡಿಯುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಕಿವಿಗೊಡುವುದನ್ನೂ ಕಲಿಸಿದರೆ ಆಗದ ಕೆಲಸವಲ್ಲ. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಪರಪ್ಪನ ಅಗ್ರಹಾರದ ತಿರುವು ಸಿಕ್ಕುತ್ತದೆ. ಈ ಎರಡರ ಮುಖ್ಯಾಧಿಕಾರಿಗಳನ್ನೂ ಗೃಹಖಾತೆಯ ಕಾರ್ಯದರ್ಶಿಗಳನ್ನೂ ಒಂದು ಮೇಜಿನ ಸುತ್ತ ಕೂರಿಸಿ, ಮುಂದಿನ ಬಿಡುಗಡೆಯ ಪಟ್ಟಿಯು ತಯಾರಾಗುವ ಮುಂಚೆ, ಆ ಪಟ್ಟಿಯಲ್ಲಿರುವ ಒಬ್ಬೊಬ್ಬನ ಬಗ್ಗೆಯೂ ಸನ್ನಡತೆಯ ದಾಖಲೆಯಲ್ಲದೆ ಮತ್ತೇನನ್ನು ತಿಳಿದಿದ್ದೇವೆಂದು ಸರ್ಕಾರದವರು ವಿಚಾರಿಸಲಿ.